ಮರದ ಗಮನಕ್ಕೆ

ಊರಿಗೆಲ್ಲ ಕೇಳುವ ಹಾಗೆ ಮಾತಾಡುವ ಗಂಡ ಮನೆಯಲ್ಲಿ ತುಟಿಪಿಟಕ್ಕೆನ್ನುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಅವಳ ಸ್ವಂತ ಅಕ್ಕನೇ ನಂಬಿರಲಿಲ್ಲ. ಅವನು ಬಸ್ ನಿಲ್ದಾಣದಲ್ಲಿ ಅನೌನ್ಸರ್. ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆ ಎಂದು ದಿನವಿಡೀ ಮೈಕಿನಲ್ಲಿ ಎರಡೆರಡು ಸಲ ಹೇಳುವುದು ಅವನ ಕೆಲಸ. ಮನೆ ನಿಲ್ದಾಣದ ಹಿಂದಿನ ಬೀದಿಯಲ್ಲೇ. ಹೊಸ್ತಿಲು ದಾಟಿದನೋ, ಬಾಯಿಗೆ ಬೀಗ. ಬಂದರೆ ಒಂದು 'ಹೂಂ', ಒಂದು 'ಉಹೂಂ', ತೀರಾ ಖುಷಿಯಾದ ದಿನ 'ಆಗ್ಲಿ'.

ಅವಳು ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಳು. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ, "ಒತ್ತುತ್ತಾ?" ಎಂದು ಕೇಳಬೇಕು. ಗುರುತು ಪರಿಚಯ ಇಲ್ಲದವರೂ ಎಲ್ಲಿ ಒತ್ತುತ್ತದೆ ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಗಂಡನ ಮೌನವನ್ನು ಅವಳು ಹೇಗೋ ಸಹಿಸಿಕೊಂಡಿದ್ದಳು, ತನ್ನ ಅಮ್ಮ ತೀರಿಕೊಳ್ಳುವ ತನಕ. ಅಮ್ಮ ಕೊನೆಯ ವರ್ಷ ಇವರ ಜೊತೆಯಲ್ಲೇ ಇದ್ದವಳು. ಎಲ್ಲ ಮುಗಿಸಿ ಬಂದ ಮಾರನೆಯ ಬೆಳಗ್ಗೆ ಈ ಮಹಾನುಭಾವ ಸ್ನಾನ ಮಾಡಿ, ತಲೆ ಬಾಚಿಕೊಂಡು, ಡ್ಯೂಟಿಗೆ ಹೊರಟೇಬಿಟ್ಟ. ಅಯ್ಯೋ ಪಾಪ ಅನ್ನುವುದಕ್ಕೂ ಗತಿಯಿಲ್ಲವೇ? ಅವಳ ಮನಸ್ಸು ಅವತ್ತೇ ಮುರಿಯಿತು.

ತಿಂಗಳು ಕಳೆಯುವಷ್ಟರಲ್ಲಿ ಅವಳು ಹೊರಟು ನಿಂತಳು. ಅಕ್ಕನ ಊರಿಗೆ ಸಂಜೆ ಐದೂವರೆಗೆ ಬಸ್ಸಿತ್ತು. ಹತ್ತಿದರೆ ವಾಪಸ್ಸು ಬರುವ ಮಾತೇ ಇಲ್ಲ ಎಂದು ಅವನಿಗೆ ಹೇಳಿದ್ದಳು. ಅವನು "ಹೂಂ" ಅಂದಿದ್ದ. ಅಂಗಡಿಯ ಯಜಮಾನಿ ದಮ್ಮಯ್ಯ ಅಂದಳೆಂದು, ಹೋಗುವ ಮುಂಚೆ ಒಂದು ಸಲ ಕೌನ್ಸೆಲರ್ ಹತ್ತಿರ ಬರಲು ಒಪ್ಪಿದಳು. ಬಟ್ಟೆ ತುಂಬಿದ ಬ್ಯಾಗನ್ನೂ ಹೊತ್ತುಕೊಂಡೇ ಬಂದಳು. ಅವನು ರಜೆ ಹಾಕಿ ಬಂದ.

ಕೌನ್ಸೆಲರ್ ಮೇಡಂ ಕೋಣೆಯಲ್ಲಿ ಕುರ್ಚಿಗಳಿರಲಿಲ್ಲ. ಚಾಪೆ, ಗಿಡದ ಕುಂಡಗಳು, ಒಂದು ಬುಟ್ಟಿಯ ತುಂಬ ಒದ್ದೆ ಮಣ್ಣು.

"ಇದನ್ನ ಮೂಸಿ ನೋಡಿ," ಎಂದರು ಮೇಡಂ.

ಗಂಡ ಮೂಸಿದ.

"ಏನನ್ಸುತ್ತೆ?"

"ಮಣ್ಣು."

ಇಷ್ಟು ಪ್ರಾಮಾಣಿಕ ಉತ್ತರ ಯಾರೂ ಕೊಟ್ಟಿಲ್ಲ ಎನ್ನುವ ಹಾಗೆ ಮೇಡಂ ತಲೆಯಾಡಿಸಿದರು. ಆಮೇಲೆ ಇಬ್ಬರನ್ನೂ ಹಿಂದಿನ ಪಾರ್ಕಿಗೆ ಕರೆದುಕೊಂಡು ಹೋದರು. "ಮೈ, ಮನಸ್ಸು, ಮರ, ಗಾಳಿ ಎಲ್ಲಾ ಒಂದೇ. ಮನುಷ್ಯರಿಗೆ ಹೇಳೋಕಾಗದ್ದನ್ನ ಮರಕ್ಕೆ ಹೇಳಿ. ಅದು ಮಧ್ಯ ಬಾಯಿ ಹಾಕಲ್ಲ. ಒಬ್ರು ಹೇಳುವಾಗ ಇನ್ನೊಬ್ರು ದೂರ ಕೂತಿರ್ಬೇಕು. ಯಾರು ಮೊದಲು?"

"ನಂದೆಲ್ಲ ಹೇಳಿ ಮುಗಿದಿದೆ ಮೇಡಂ," ಎಂದಳು ಹೆಂಡತಿ. "ಇವರದ್ದೇ ಬಾಕಿ."

ಹೆಂಗಸರಿಬ್ಬರೂ ಗೇಟಿನ ಪಕ್ಕದ ಬೆಂಚಿನಲ್ಲಿ ಹೋಗಿ ಕೂತರು. ಅಲ್ಲಿಗೆ ಒಂದಕ್ಷರವೂ ಕೇಳುವುದಿಲ್ಲ ಎಂದು ಮೇಡಂ ಭರವಸೆ ಕೊಟ್ಟರು. ಗಂಡ ಒಂದು ಮರದ ಮುಂದೆ ಹೋಗಿ ನಿಂತ. ಆಮೇಲೆ ಕಾಂಡವನ್ನು ಉಗುರಿನಿಂದ ಟಕ್ ಟಕ್ ಎಂದು ಬಡಿದು, ಗಂಟಲು ಸರಿಮಾಡಿಕೊಂಡ.

"ದಯವಿಟ್ಟು ಗಮನಿಸಿ."

ವಾಕಿಂಗ್ ಮಾಡುತ್ತಿದ್ದವರೆಲ್ಲ ಗಕ್ಕನೆ ನಿಂತರು.

ಅವನಾದರೂ ಏನು ಮಾಡಿಯಾನು, ಬಾಯಿಬಿಟ್ಟು ಮಾತಾಡಿ ಗೊತ್ತಿದ್ದದ್ದೇ ಅದೊಂದು ದನಿಯಲ್ಲಿ. "ನಮ್ಮ ಅತ್ತೆಯವರು ತೀರಿಕೊಂಡ ಮಾರನೆಯ ದಿನ ನಾನು ಡ್ಯೂಟಿಗೆ ಹೋಗಿರುವುದಿಲ್ಲ. ನಿಲ್ದಾಣದ ಶೆಡ್ಡಿನಲ್ಲಿ, ಕೆಟ್ಟು ನಿಂತ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಸಂಜೆಯವರೆಗೆ ಅತ್ತಿರುತ್ತೇನೆ. ಅತ್ತೆಯವರು ಕಿಟಕಿಯ ಬಳಿ ಕುಳಿತು ದಿನವೂ ನನ್ನ ದನಿಯನ್ನು ಕೇಳುತ್ತಿದ್ದರು. ಸಂಜೆ ಮನೆಗೆ ಬಂದಾಗ, ಗಂಟಲು ಕಟ್ಟಿದೆ, ಬಿಸಿನೀರು ಕುಡಿ ಎನ್ನುತ್ತಿದ್ದವರು ಅವರೊಬ್ಬರೇ ಆಗಿರುತ್ತಾರೆ. ಹೆಂಡತಿಯನ್ನು ಸಮಾಧಾನ ಮಾಡುವುದು ಹೇಗೆಂದು ನನಗೆ ತಿಳಿದಿರುವುದಿಲ್ಲ. ಅಡಚಣೆಗಾಗಿ ವಿಷಾದಿಸುತ್ತೇನೆ."

"ಬಸ್ ಸ್ಟ್ಯಾಂಡ್ ಅಣ್ಣ ಅಲ್ವಾ ಇದು?" ಎಂದ ಯಾರೋ ಒಬ್ಬ. "ಶ್!" ಎಂದು ಇನ್ನೊಬ್ಬರು ಗದರಿದರು.

ರೂಢಿಯಂತೆ ಅವನು ಅಷ್ಟನ್ನೂ ಎರಡನೇ ಸಲ ಹೇಳಿದ. ಬಿಸಿನೀರಿನ ಹತ್ತಿರ ಬಂದಾಗ ದನಿ ಒಡೆಯಿತು. ಮೈಕಿನ ಮುಂದೆ ಅದು ಯಾವತ್ತೂ ಒಡೆದದ್ದಿಲ್ಲ. ಬೆಂಚಿನ ಮೇಲೆ ಅವಳು ಬ್ಯಾಗಿನ ಹಿಡಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಕಣ್ಣೀರು ಧಾರೆಧಾರೆಯಾಗಿ ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ. ಅತ್ತದ್ದು ತಾನೊಬ್ಬಳೇ ಎಂದುಕೊಂಡು ಇಷ್ಟು ದಿನ ಕಳೆದಿದ್ದಳಲ್ಲ!

ಅವನು ಬರುವಷ್ಟರಲ್ಲಿ ಮುಖ ಒರೆಸಿಕೊಂಡಳು. ಗುಟ್ಟು ಮರದ ಹತ್ತಿರವೇ ಉಳಿದಿದೆ ಎಂಬ ನೆಮ್ಮದಿ ಅವನ ಮುಖದಲ್ಲಿತ್ತು. ಮೇಡಂ ಯಾವುದೋ ಹುಲ್ಲುಕಡ್ಡಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಹೇಳಿದ್ರಾ?" ಎಂದಳು ಹೆಂಡತಿ.

"ಹೂಂ."

"ಐದೂವರೆ ಬಸ್ಸು ಎಲ್ಲಿಂದ ಹೊರಡುತ್ತೆ?"

"ನಾಲ್ಕನೇ ಅಂಕಣ." ಅವನು ನೆಲ ನೋಡಿದ. "ಇವತ್ತು ಹೊರಡಲ್ಲ."

"ಯಾಕೆ?"

"ನಾನು ರಜೆ. ಅನೌನ್ಸ್ ಮಾಡೋರಿಲ್ಲ."

"ನೀವು ಅನೌನ್ಸ್ ಮಾಡ್ದಿದ್ರೂ ಬಸ್ಸು ಹೋಗುತ್ತೆ ರೀ."

ಅವನ ತುಟಿ ಎರಡು ಮೂರು ಸಲ ಅಲುಗಿತು. ಕೊನೆಗೆ ಬಂದ ದನಿ ಎಷ್ಟು ಸಣ್ಣದಾಗಿತ್ತೆಂದರೆ ಪಕ್ಕದಲ್ಲಿದ್ದ ಮೇಡಂಗೂ ಕೇಳಿಸಲಿಲ್ಲ.

"ಹೋಗ್ಲಿ. ನೀನು ಹೋಗ್ಬೇಡ."

"ಎರಡು ಸಲ ಹೇಳ್ಬೇಕಲ್ವಾ?"

"ನೀನು ಹೋಗ್ಬೇಡ."

ಅವಳು ಎದ್ದು ಬ್ಯಾಗನ್ನು ಅವನ ಕೈಗೆ ಕೊಟ್ಟಳು.

"ಹಿಡ್ಕೊಳ್ಳಿ, ಮನೆಗೆ ನಡೀರಿ. ಗಂಟಲು ಕಟ್ಟಿದೆ, ಬಿಸಿನೀರು ಕುಡೀಬೇಕು ನೀವು."