ಹಿಂದಿನ ಗೇಟಿನ ಗಂಜಿ

"ಏಯ್ ಮುದುಕಿ, ಕೈ ತೆಗಿ ಅಂದ್ರೆ ತೆಗೀಬೇಕು. ಯಾವ ಹೆಣ ತೊಳ್ದು ಬಂದಿದ್ದೀಯೋ ಏನೋ, ಅದೇ ಕೈಯಲ್ಲಿ ಅಕ್ಕಿ ತೊಳೀತೀಯಾ?"

ಬಿಳಿ ಟೋಪಿಯ ಅಡುಗೆಯವನು ಅಕ್ಕಿಯ ಪಾತ್ರೆಯನ್ನು ಕಾಲಿನಿಂದಲೇ ಆಚೆ ತಳ್ಳಿದ. ನೀರು ಚೆಲ್ಲಿ ಹೊಸ ಟೈಲ್ಸಿನ ಮೇಲೆ ಹರಿಯಿತು. ಹಂಡೆಯವ್ವನ ಎರಡೂ ಕೈ ಮೊಣಕೈವರೆಗೆ ಒದ್ದೆಯಾಗಿ ಗಾಳಿಯಲ್ಲೇ ನಿಂತವು.

"ಯಾರಪ್ಪಾ ನಿನಗೆ ಹೇಳಿದ್ದು?"

"ಯಾರು ಹೇಳಿದ್ರೇನು? ಸುಳ್ಳಾ?"

ಸುಳ್ಳಲ್ಲ. ದೊಡ್ಡಾಸ್ಪತ್ರೆಯ ಹೆಣದ ಕೋಣೆಯಲ್ಲಿ ಅವಳ ಅವ್ವ ಹೆಣ ತೊಳೆಯುತ್ತಿದ್ದಳು. ಅವ್ವ ಹೋದ ಮೇಲೆ ಪೈಪು, ಸೋಪು, ಹತ್ತಿಯ ಉಂಡೆ ಮಗಳ ಕೈಗೆ ಬಂದವು. ಬೆಳಿಗ್ಗೆ ಅಲ್ಲಿ ಕಲ್ಲಿನ ಮೇಜು ತೊಳೆದು, ಮೈ ಕೈ ಉಜ್ಜಿಕೊಂಡು, ಸೀರೆ ಬದಲಿಸಿ, ಹತ್ತರ ಹೊತ್ತಿಗೆ ಹಿಂದಿನ ಗೇಟಿನ ಪಕ್ಕದ ತಗಡಿನ ಶೆಡ್ಡಿಗೆ ಬಂದು ಒಲೆ ಹೊತ್ತಿಸುತ್ತಿದ್ದಳು. ಮೂವತ್ತೊಂದು ವರ್ಷ. ಶುರುವಾದದ್ದು ಒಂದು ಊಟದ ಡಬ್ಬಿಯಿಂದ. ಗಂಡನ ಹೆಣಕ್ಕಾಗಿ ಎರಡು ದಿನ ಕಾದು ಕೂತಿದ್ದ ಹೆಂಗಸೊಬ್ಬಳು ಹಸಿವಿಗೆ ಇವಳ ಮೈಮೇಲೇ ಕುಸಿದು ಬಿದ್ದಿದ್ದಳು. ಡಬ್ಬಿಯಲ್ಲಿದ್ದದ್ದನ್ನು ಅವಳಿಗೆ ತಿನ್ನಿಸಿ, ಮರುದಿನ ಮನೆಯಲ್ಲಿ ಎರಡು ಹಿಡಿ ಅಕ್ಕಿ ಜಾಸ್ತಿ ಬೇಯಿಸಿದಳು. ಆ ಎರಡು ಹಿಡಿಯೇ ಬೆಳೆದು ಹಂಡೆಯಾಯಿತು, ಅವಳು ಎಲ್ಲರ ಬಾಯಲ್ಲಿ ಹಂಡೆಯವ್ವನಾದಳು. ರೋಗಿಯನ್ನು ಒಳಗೆ ಮಲಗಿಸಿ ಹೊರಗೆ ಎಲ್ಲಿ ಹೋಗುವುದೆಂದು ತಿಳಿಯದವರು ಅವಳ ಗಂಜಿ ಕುಡಿದು, ಅವಳ ಶೆಡ್ಡಿನಲ್ಲಿ ಗೋಣಿಚೀಲ ಹಾಸಿಕೊಂಡು ಮಲಗಿದರು. ಅವಳೂ ಅಲ್ಲೇ ಒಂದು ಮೂಲೆಯಲ್ಲಿ ಉಳಿದುಬಿಟ್ಟಳು.

ಹೆಣದ ಕೋಣೆ ಆ ಕಡೆ, ಹಂಡೆ ಈ ಕಡೆ, ನಡುವೆ ಬಟ್ಟೆ ಒಗೆಯುವ ಕಟ್ಟಡ. ಅವಳು ಯಾರಿಂದಲೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ. ಹೆಣ ತೊಳೆಸಿಕೊಂಡು ಹೋದವರು ಮತ್ತೆ ಗಂಜಿಗೆ ಬರುತ್ತಿರಲಿಲ್ಲ. ಎರಡೂ ಕಡೆ ಅವಳನ್ನು ಕಂಡು ಮತ್ತೆ ಬಂದವನು ಒಬ್ಬನೇ.

ಅವನು ಈಗ ಈ ಹೊಸ ಅನ್ನಛತ್ರದ ಕಾರ್ಯದರ್ಶಿ. ಹದಿನೆಂಟು ವರ್ಷದ ಹಿಂದೆ, ತಾಯಿಯನ್ನು ಹನ್ನೊಂದು ತಿಂಗಳು ವಾರ್ಡಿನಲ್ಲಿಟ್ಟುಕೊಂಡು ಶೆಡ್ಡಿನಲ್ಲಿ ಬಿದ್ದಿದ್ದ. ಗಬಗಬ ತಿಂದು ಬಿಕ್ಕಳಿಸುತ್ತಿದ್ದ. "ನಿಧಾನ ತಿನ್ನೋ ಮಾರಾಯ, ಹಂಡೆ ಓಡಿಹೋಗಲ್ಲ" ಎಂದು ಬೆನ್ನು ತಟ್ಟುತ್ತಿದ್ದಳು. ತಾಯಿ ತೀರಿಕೊಂಡ ದಿನ ಹೆಣದ ಕೋಣೆಯ ಬಾಗಿಲಲ್ಲಿ ಇವಳನ್ನು ಕಂಡು ಚೌಕಟ್ಟು ಹಿಡಿದು ನಿಂತ.

"ಅವ್ವಾ, ನೀನಾ?"

"ನಾನಲ್ದೆ ಇನ್ಯಾರೋ ನಿಮ್ಮಮ್ಮನ್ನ ತೊಳೀಬೇಕು? ಆಚೆ ಕೂತ್ಕೋ, ನೋಡಬೇಡ."

ಆ ತಾಯಿಯ ಸಿಕ್ಕುಗಟ್ಟಿದ ಕೂದಲನ್ನು ತನ್ನ ಬಾಚಣಿಗೆಯಿಂದ ಬಿಡಿಸಿ ಜಡೆ ಹಾಕಿ ಕಳಿಸಿದಳು. ಅವನು ಅವಳ ಒದ್ದೆ ಕೈ ಎರಡನ್ನೂ ಮುಖಕ್ಕೆ ಒತ್ತಿಕೊಂಡು ಅತ್ತಿದ್ದ. ಮುಂದೆ ಕೆಲಸ ಹಿಡಿದ, ದೊಡ್ಡವರ ಪರಿಚಯ ಮಾಡಿಕೊಂಡ. ಕಳೆದ ವರ್ಷ ಬಂದು, "ಅವ್ವಾ, ನಿನ್ನ ಹಂಡೆಗೊಂದು ಗಟ್ಟಿ ಸೂರು ಮಾಡಿಸ್ತೀನಿ" ಎಂದಾಗ ಅವನು ತೋರಿಸಿದ ಕಡೆಯಲ್ಲೆಲ್ಲ ಅವಳು ಹೆಬ್ಬೆಟ್ಟು ಒತ್ತಿದ್ದಳು. ದಾನಿಯೊಬ್ಬನ ದುಡ್ಡಿನಲ್ಲಿ ಎದ್ದ ಆ ಸೂರಿಗೆ ಇವತ್ತು ಉದ್ಘಾಟನೆ.

ಅವನೇ ಹೇಳಿರಬೇಕು. ಬೇರೆ ಯಾರಿಗೆ ಗೊತ್ತು?

ಅವನ ಕೋಣೆಗೆ ಹೋದಳು. ಅವನು ಎದ್ದು ನಿಂತು ಕುರ್ಚಿ ಎಳೆದ.

"ಬನ್ನಿ, ಕೂತ್ಕೊಳ್ಳಿ."

ಹದಿನೆಂಟು ವರ್ಷ 'ನೀನು' ಅಂದ ಬಾಯಿ. ಅವಳು ಕೂರಲಿಲ್ಲ.

"ಅಡುಗೆಯವನಿಗೆ ನೀನು ಹೇಳಿದ್ಯಾ?"

"ದಾನಿಗಳು ಕೇಳಿದ್ರು. ಅಡುಗೆಮನೇಲಿ ಯಾರಿರ್ತಾರೆ, ಬೇರೆ ಏನು ಕೆಲಸ ಮಾಡ್ತಾರೆ ಅಂತ. ಸುಳ್ಳು ಹೇಳಕ್ಕಾಗುತ್ತಾ?"

"ನಿಮ್ಮಮ್ಮನ್ನ ತೊಳ್ದೋಳು ಅಂತಾನೂ ಹೇಳಿದ್ಯಾ?"

ಅವನು ಮೇಜಿನ ಮೇಲಿದ್ದ ಪೆನ್ನುಗಳನ್ನು ಸಾಲಾಗಿ ಜೋಡಿಸಿದ. "ಅದು ಬೇರೆ ವಿಷಯ. ನಾಳೆ ಯಾರಿಗಾದ್ರೂ ಹೊಟ್ಟೆ ಕೆಟ್ರೆ ನಿಮ್ಮ ತಲೆಗೇ ಕಟ್ತಾರೆ. ನಾನು ನಿಮ್ಮನ್ನ ಉಳಿಸ್ತಾ ಇದೀನಿ."

"ಇಷ್ಟು ವರ್ಷದಲ್ಲಿ ಯಾರ ಹೊಟ್ಟೆ ಕೆಡ್ತು ಹೇಳು. ನಿಂದು ಕೆಡ್ತಾ?"

"ಇವತ್ತು ವೇದಿಕೆ ಮೇಲೆ ನಿಮಗೆ ಕುರ್ಚಿ ಇದೆ. ಗೋಡೆ ಮೇಲೆ ನಿಮ್ಮ ಫೋಟೋ ಹಾಕ್ಸಿದೀನಿ, ಸೌಟು ಹಿಡ್ಕೊಂಡಿರೋದು. ಇನ್ನೇನು ಬೇಕು?"

"ಸೌಟು."

ಅವನು ಕಿಟಕಿಯ ಕಡೆ ನೋಡಿದ.

"ಶೆಡ್ಡು ಏನ್ಮಾಡ್ತೀರಿ?"

"ನಾಳೆ ತೆಗೀತಾರೆ. ಅಲ್ಲಿ ಕಾರು ನಿಲ್ಲಬೇಕು. ವಾರ್ಡಿನ ಚೀಟಿ ತಂದ ರೋಗಿ ಕಡೆಯವರಿಗೆ ಇಲ್ಲೇ ಒಳಗೆ ಹಾಸಿಗೆ."

"ನಾನೆಲ್ಲಿ ಮಲಗ್ಲಿ?"

"ನೀವು ರೋಗಿ ಕಡೆಯವರಲ್ವಲ್ಲ." ಪೆನ್ನೊಂದನ್ನು ನೇರಮಾಡುತ್ತ, "ಇಲ್ಲಿನ ಸಿಬ್ಬಂದಿನೂ ಅಲ್ಲ" ಎಂದ. "ಏನಾದ್ರೂ ಮಾಡೋಣ. ಮೊದಲು ಕಾರ್ಯಕ್ರಮ ಮುಗೀಲಿ."

ಹೊರಗೆ ಬಂದಾಗ ಅಡುಗೆಮನೆ ಬಾಗಿಲಲ್ಲಿ ಒಂಟಿಕಾಲಿನ ಟೈಲರ್ ಹೊಸ ಅಂಗಿ ತೊಟ್ಟು, ಕೊರಳಿಗೆ ಸೀಟಿ ನೇತುಹಾಕಿಕೊಂಡು ಕಾವಲಿಗೆ ನಿಂತಿದ್ದ. ಕಾಲು ಕತ್ತರಿಸಿದ ಮೇಲೆ ವಾರ್ಡಿನಿಂದ ಕರೆದೊಯ್ಯಲು ಯಾರೂ ಬಾರದಿದ್ದವನು. ಒಂಬತ್ತು ವರ್ಷದಿಂದ ಅವಳ ಜೊತೆ ಈರುಳ್ಳಿ ಹೆಚ್ಚುತ್ತ ಶೆಡ್ಡಿನಲ್ಲೇ ಇದ್ದ.

"ನಿನ್ನ ಒಳಗೆ ಬಿಡಬಾರ್ದು ಅಂದಿದ್ದಾರೆ ಅವ್ವಾ." ಊರುಗೋಲನ್ನು ನೋಡುತ್ತ ಹೇಳಿದ. "ನಂಗಿರೋದು ಒಂದೇ ಕಾಲು. ಓಡಿಸಿದ್ರೆ ಎಲ್ಲಿಗೆ ಅಂತ ಓಡ್ಲಿ?"

"ನಾನು ನಿನ್ನ ಏನಾದ್ರೂ ಕೇಳಿದ್ನೇನೋ? ಬೆಳಿಗ್ಗೆಯಿಂದ ಹೊಟ್ಟೆಗೇನಾದ್ರೂ ಬಿತ್ತಾ?"

ಟೈಲರ್ ಇಲ್ಲವೆಂದು ತಲೆಯಾಡಿಸಿದ. ಯಾರ ಹೊಟ್ಟೆಗೂ ಬಿದ್ದಿರಲಿಲ್ಲ. ಹಳೆಯ ಒಲೆಯನ್ನು ಹಿಂದಿನ ದಿನವೇ ಒಡೆದಿದ್ದರು. ಹೊಸ ಹಂಡೆಯ ಗಂಜಿ ಭಾಷಣ ಮುಗಿಯುವವರೆಗೆ ಬಡಿಸುವಂತಿರಲಿಲ್ಲ. ಹಗ್ಗ ಕಟ್ಟಿ ಮುನ್ನೂರು ಜನರನ್ನು ಬಿಸಿಲಲ್ಲಿ ನಿಲ್ಲಿಸಿದ್ದರು. ಕೈಯಲ್ಲಿ ಹೊಸ ತಟ್ಟೆ, ತಟ್ಟೆಯ ಮೇಲೆ ದಾನಿಯ ತಂದೆಯ ಹೆಸರು.

ದಾನಿ ಅರ್ಧ ಗಂಟೆ ಮಾತಾಡಿದ. ಇಂಥ ತಾಯಿ ಮನೆಗೊಬ್ಬಳು ಇರಬೇಕು ಎಂದ. ಆಮೇಲೆ ಅವಳಿಗೆ ಗಾಜಿನ ಫಲಕ ಕೊಟ್ಟ. ಬೆರಳು ತಾಗದ ಹಾಗೆ ಒಂದು ತುದಿ ಮಾತ್ರ ಹಿಡಿದು ಚಾಚಿದ. ಕಾರ್ಯದರ್ಶಿ ಮೈಕನ್ನು ಅವಳ ಎತ್ತರಕ್ಕೆ ಇಳಿಸಿ ಕಿವಿಯಲ್ಲಿ, "ಧನ್ಯವಾದ ಅಂದ್ರೆ ಸಾಕು" ಎಂದ.

"ನಂಗೆ ಮಾತಾಡಕ್ಕೆ ಬರಲ್ಲ," ಎಂದಳು ಅವಳು. "ನಾನು ಕೆಲಸ ಮಾಡೋ ಕಡೆ ಯಾರೂ ಎದುರು ಮಾತಾಡಲ್ಲ. ಎಲ್ಲಾ ಹೆಣಗಳು."

ಯಾರೋ ಇಬ್ಬರು ನಕ್ಕರು.

"ಯಜಮಾನ್ರೇ, ನಿಮ್ಮ ತಂದೆಯೋರ ಬೆನ್ನ ಮೇಲೆ, ಎಡಗಡೆ, ಅಂಗೈ ಅಗಲ ಹುಣ್ಣಿತ್ತು. ಮಲಗಿ ಮಲಗಿ ಆಗಿದ್ದು. ನೀವು ಮೂಗಿಗೆ ಕರ್ಚೀಫ್ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ರಿ, ಒಳಗೆ ಬರ್ಲಿಲ್ಲ. ಅದನ್ನ ತೊಳ್ದು ಹತ್ತಿ ಇಟ್ಟಿದ್ದು ಈ ಕೈ. ಅವತ್ತು ನೀವು, ಚೆನ್ನಾಗಿ ತೊಳಿಯಮ್ಮಾ ಅಂದ್ರಿ. ಇವತ್ತು ಇದು ಅಕ್ಕಿ ಮುಟ್ಟಬಾರ್ದಂತೆ. ಹಂಗಂತ ಹೇಳ್ಕೊಟ್ಟೋನು..."

ಮೈಕು ಸತ್ತಿತು. ಕಾರ್ಯದರ್ಶಿ ತಂತಿ ಎಳೆದಿದ್ದ. ಅವಳು ಅವನ ಮುಖವನ್ನೊಮ್ಮೆ ನೋಡಿ, ಫಲಕವನ್ನು ಕುರ್ಚಿಯ ಮೇಲಿಟ್ಟು, ಮೆಟ್ಟಿಲಿಳಿದು ಅಡುಗೆಮನೆಯ ಕಡೆ ಹೊರಟಳು. ಟೈಲರ್ ಸೀಟಿ ಊದಲಿಲ್ಲ. ಗೋಡೆಯ ಕಡೆ ತಿರುಗಿ ನಿಂತ.

ಅವಳು ಒಳಗೆ ಹೋಗಿ ಹಂಡೆಯಿಂದ ಒಂದು ಸೌಟು ಗಂಜಿ ಎತ್ತಿಕೊಂಡು ಸಾಲಿನ ಮೊದಲಿಗೆ ಬಂದಳು. ಅಲ್ಲಿ ಗಾರೆ ಕೆಲಸದವನೊಬ್ಬ ನಿಂತಿದ್ದ. ಅವನ ಹೆಂಡತಿ ಮೂರು ದಿನದಿಂದ ಒಳಗಿದ್ದಳು.

"ಹಿಡಿ."

ಅವನು ವೇದಿಕೆಯ ಕಡೆ ನೋಡಿ ತಟ್ಟೆಯನ್ನು ಎದೆಗೆ ಒತ್ತಿಕೊಂಡ.

"ನಿನ್ನೆ ಎರಡೆರಡು ಸಲ ಹಾಕಿಸ್ಕೊಂಡ್ಯಲ್ಲೋ."

"ಒಳಗೆ ಹಾಸಿಗೆ ಕೊಡ್ತಾರಂತೆ ಅವ್ವಾ," ಎಂದ ಅವನು, ತುಟಿ ಮಾತ್ರ ಆಡಿಸಿ.

ಅಷ್ಟರಲ್ಲಿ ಅಡುಗೆಯವನು ಓಡಿಬಂದು ಸೌಟು ಕಿತ್ತುಕೊಂಡ. ಗಂಜಿ ಅವಳ ಪಾದದ ಮೇಲೆ ಚೆಲ್ಲಿತು. ದಾನಿ ಕಾರ್ಯದರ್ಶಿಯ ಕಿವಿಯಲ್ಲಿ ಏನೋ ಹೇಳಿ ಗಡಿಯಾರ ನೋಡಿಕೊಂಡ. ಕಾರ್ಯದರ್ಶಿ ವೇದಿಕೆಯ ಅಂಚಿಗೆ ಬಂದ.

"ಆ ಹಂಡೆ ಚರಂಡಿಗೆ ಸುರೀರಿ. ಬೇರೆ ಮಾಡಿ. ಎಲ್ಲರೂ ಒಂದು ಗಂಟೆ ಕಾಯಿರಿ."

ಸಾಲಿನಲ್ಲಿ ಗುಸುಗುಸು ಎದ್ದು ತಣ್ಣಗಾಯಿತು. ಅಡುಗೆಯವನೂ ಅವನ ಜೊತೆಯವನೂ ಬಟ್ಟೆ ಸುತ್ತಿದ ಕೈಯಲ್ಲಿ ಹಂಡೆಯ ಕಿವಿ ಹಿಡಿದು ಎತ್ತಿಕೊಂಡು ಹೊರಟರು. ಅವರು ಚರಂಡಿ ತಲುಪುವಷ್ಟರಲ್ಲಿ ಹಂಡೆಯವ್ವ ಅಲ್ಲಿಗೆ ಹೋಗಿ, ಕಬ್ಬಿಣದ ಜಾಲರಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

"ಏಳು ಮುದುಕಿ, ಬೆಂದೋಗ್ತೀಯ."

"ಸುರೀರೋ ಬೋಳಿಮಕ್ಳಾ. ಇಷ್ಟು ಜನರನ್ನ ತೊಳ್ದೆ, ನನ್ನ ತೊಳ್ಯಕ್ಕೆ ಯಾರೂ ಇಲ್ಲ. ಈ ಗಂಜೀಲೇ ತೊಳ್ದುಬಿಡಿ."

ಹಂಡೆಯ ಕುದಿ ಇಳಿದಿರಲಿಲ್ಲ. ಇಬ್ಬರ ತೋಳುಗಳೂ ಭಾರಕ್ಕೆ ನಡುಗತೊಡಗಿದವು. ಹಿಂದೆ ಸರಿದು ಕೆಳಗಿಡಲು ಅಪ್ಪಣೆಯಿಲ್ಲ, ಮುಂದೆ ಅವಳ ತಲೆ.

"ಸಾರ್, ಏನ್ಮಾಡ್ಲಿ?" ಎಂದು ಅಡುಗೆಯವನು ಕೂಗಿದ. "ಸಾರ್, ಕೈ ಸುಡ್ತಾ ಇದೆ. ಹೇಳಿ ಸಾರ್."

ಅವಳು ಕತ್ತು ತಿರುಗಿಸಿ ವೇದಿಕೆಯ ಮೇಲಿದ್ದವನನ್ನೇ ನೋಡುತ್ತಿದ್ದಳು. ಅವನು ಮೈಕಿನ ತಂತಿಯನ್ನು ಕೈಗೆ ಸುತ್ತಿಕೊಂಡು ದಾನಿಯ ಕಡೆ ತಿರುಗಿದ. ಹಂಡೆ ವಾಲಿ ಒಂದು ಧಾರೆ ಅವಳ ಹೆಗಲ ಮೇಲೆ ಬಿತ್ತು. ಅವಳು ಕದಲಲಿಲ್ಲ. ಹಗ್ಗದ ಹಿಂದಿನ ಸಾಲಿನಲ್ಲಿ ಯಾರೋ ತಟ್ಟೆಯನ್ನು ನೆಲಕ್ಕೆ ಬಿಸಾಡಿದ ಸದ್ದಾಯಿತು.