ಬಾಗಿಲು ಮುಚ್ಚಿ ಹಾಡಿದ್ದು

ಚಟ್ಟದ ಮುಂಗೋಲಿಗೆ ಸ್ಪೀಕರು ಬಿಗಿಯುತ್ತಿದ್ದ ಇನ್‌ಹೋನ ಮಣಿಕಟ್ಟನ್ನು ಮಾಲ್ಲೆ ಹಿಡಿದುಕೊಂಡಳು.

"ಅದನ್ನ ಬಿಚ್ಚು."

"ಯಾಕೆ ದೊಡ್ಡಮ್ಮ? ದೊಡ್ಡಪ್ಪಂದೇ ದನಿ. ಬೇರೆ ಯಾರದ್ದೋ ಅಲ್ಲವಲ್ಲ."

ಕೊರಿಯಾದ ಜಿಂದೋ ದ್ವೀಪದ ಆ ಊರಿನಲ್ಲಿ ಚಟ್ಟದ ಮುಂದೆ ಒಬ್ಬ ಗಂಟೆ ಹಿಡಿದು ನಡೆಯಬೇಕು. ಸತ್ತವನೇ ಹೇಳುತ್ತಿರುವಂತೆ ಒಂದೊಂದು ಸಾಲು ಹಾಡಬೇಕು. ಹನ್ನೆರಡು ಜನ ಹೊರುವವರು ಪಲ್ಲವಿ ಹೇಳಿ ಒಂದೊಂದು ಹೆಜ್ಜೆ ಇಡುತ್ತಾರೆ. ನಲವತ್ತಾರು ವರ್ಷ ಆ ಗಂಟೆ ಮಾಲ್ಲೆಯ ಗಂಡ ಛಿಲ್‌ಸುವಿನ ಕೈಯಲ್ಲಿತ್ತು. ಈಗ ಅವನೇ ಚಟ್ಟದ ಮೇಲೆ ಮಲಗಿದ್ದ. ಅವನ ನಂತರ ಕಲಿತವರು ಯಾರೂ ಇರಲಿಲ್ಲ.

ಹಾಡು ಸಂಗ್ರಹಿಸುವ ಪಟ್ಟಣದವರು ಅವನ ಹಳೆಯ ಕ್ಯಾಸೆಟ್ಟುಗಳ ಪ್ರತಿ ಒಯ್ದು ವರ್ಷಗಳಾಗಿದ್ದವು. ತಾನು ಸತ್ತ ಮೇಲೆ ಹೊರಗೆ ಬಿಡಿ ಎಂದು ಛಿಲ್‌ಸು ಸಹಿ ಹಾಕಿದ್ದನಂತೆ. ಸತ್ತ ಮರುದಿನವೇ ಅವರು ಇಂಟರ್ನೆಟ್ಟಿನಲ್ಲಿ ಬಿಟ್ಟರು. ಇನ್‌ಹೋ ಬೆಳಗಿನಿಂದ ಬಂದವರಿಗೆಲ್ಲ ಫೋನಿನಲ್ಲಿ ಮೊದಲ ನಾಲ್ಕು ಸಾಲು ಕೇಳಿಸಿ, ರಾಜಧಾನಿ ಸೋಲ್‌ನವರೂ ಕೇಳಿ ಅಳುತ್ತಿದ್ದಾರೆ ಎನ್ನುತ್ತಿದ್ದ. ಹಿತ್ತಾಳೆ ಬಟ್ಟಲಿನ ಟಣ್ ಟಣ್ ಕಿವಿಗೆ ಬಿದ್ದೊಡನೆ ಅದು ಯಾವ ಕ್ಯಾಸೆಟ್ಟೆಂದು ಮಾಲ್ಲೆಗೆ ಗೊತ್ತಾಗಿತ್ತು. ಗಂಡ ತನಗೊಂದು ಮಾತೂ ಹೇಳಿರಲಿಲ್ಲ.

ಮುಂದಿನ ಸಾಲಿನಲ್ಲಿ ಹೊರುವ ಪೊಂಗ್‌ಸಾಮ್ ಹೆಗಲ ಬಟ್ಟೆ ಸರಿಮಾಡಿಕೊಂಡ. "ಅತ್ತಿಗೆ, 'ನನ್ನ ಸಾವಿಗೂ ನಾನೇ ಹಾಡಬೇಕು, ನಿಮ್ಮ ಕೈಲಿ ಎಲ್ಲಾಗುತ್ತೆ' ಅಂತಿದ್ದ. ಸೊಕ್ಕಿನ ಮನುಷ್ಯ. ಹಾಡಲಿ ಬಿಡಿ."

ಅಂಗಳದಲ್ಲಿ ಊಟಕ್ಕೆ ಕೂತವರು ನಕ್ಕರು. ಬೇಡವೆನ್ನಲು ಕಾರಣ ಹೇಳಬೇಕಿತ್ತು. ಇಷ್ಟು ವರ್ಷ ಗಂಡನೊಡನೆಯೂ ಆಡದ ಮಾತನ್ನು ಇಷ್ಟು ಜನರ ಮುಂದೆ ಎಲ್ಲಿಂದ ಶುರುಮಾಡುವುದು? ಅವಳ ಬೆರಳುಗಳು ಸಡಿಲವಾದವು.

*

ಚಟ್ಟದ ಹಾಡನ್ನು ಮನೆಯೊಳಗೆ ಹಾಡುವಂತಿಲ್ಲ. ಹಾಡಿದರೆ ಮನೆಯಿಂದಲೇ ಒಬ್ಬರು ಹೊರಡುತ್ತಾರೆ. ಛಿಲ್‌ಸು ಸಮುದ್ರದ ಏರಿಯ ಮೇಲೆ ನಿಂತು ಕಲಿಯುತ್ತಿದ್ದ. ನಲವತ್ತಾರು ವರ್ಷದ ಹಿಂದಿನ ಆ ಚಳಿಗಾಲ ಗಾಳಿಗೆ ಗಂಟಲು ಕಟ್ಟಿತು. ಮರುದಿನ ಅವನ ಮೊದಲ ಚಟ್ಟ.

"ಒಳಗೇ ಹಾಡಿ. ಬಾಗಿಲು ಹಾಕ್ತೀನಿ, ಯಾರಿಗೆ ಗೊತ್ತಾಗುತ್ತೆ?" ಎಂದವಳು ಮಾಲ್ಲೆಯೇ. ತಪ್ಪಿದ್ದನ್ನು ಕೇಳಿ ತಿದ್ದಿಕೊಳ್ಳಲೆಂದು ಅಣ್ಣನ ಟೇಪ್ ರೆಕಾರ್ಡರ್ ತಂದಿಟ್ಟವಳೂ ಅವಳೇ. ಗಂಟೆ ಬೇಡವೆಂದು ಅವನು ಹಿತ್ತಾಳೆ ಬಟ್ಟಲಿಗೆ ಚಮಚ ಬಡಿದ. ನಾಲ್ಕು ವರ್ಷದ ಮಗಳು ಬುನಿ ಹಾಸಿಗೆಯಿಂದೆದ್ದು ಬಂದು ಕೇಳುತ್ತ ಕೂತಳು.

ಮುಂದಿನ ತಿಂಗಳು ಬುನಿ ಜ್ವರದಲ್ಲಿ ಹೋದಳು. ಛಿಲ್‌ಸು ಮಾಲ್ಲೆಯನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೂ ಒಂದು ಉತ್ತರ ಕೊಡಲು ಆಗುತ್ತಿತ್ತು. ಆ ಕ್ಯಾಸೆಟ್ಟನ್ನು ಅವನು ಸುಟ್ಟಿರಬೇಕೆಂದೇ ಅವಳು ತಿಳಿದಿದ್ದಳು.

*

ಚಟ್ಟ ಮೇಲೆದ್ದಿತು. ಅದಕ್ಕೆ ಕಟ್ಟಿದ ಉದ್ದನೆಯ ಬಿಳಿ ಬಟ್ಟೆ ಹಿಡಿದು ಹೆಂಗಸರು ಮುಂದೆ ನಡೆದರು. ಅವರಲ್ಲಿ ಮಾಲ್ಲೆಯೂ ಇದ್ದಳು.

"ಚಪ್ಪಲಿ ಹೊಸ್ತಿಲಲ್ಲೇ ಬಿಟ್ಟೆ," ಎಂದು ಇಪ್ಪತ್ತೇಳರ ಛಿಲ್‌ಸು ಹಾಡಿದ.

"ಓಹೋ ಓಹೋ, ಹೊರಟೆ," ಎಂದು ಮುದುಕರು ಹೆಜ್ಜೆ ಇಟ್ಟರು.

ದನಿ ಎಳೆಯದು, ನುಣುಪಾದದ್ದು. ಪೊಂಗ್‌ಸಾಮ್‌ನ ಕೆನ್ನೆ ಒದ್ದೆಯಾಗಿತ್ತು. ಭತ್ತದ ಗದ್ದೆಗಳ ನಡುವಿನ ಕಿರಿದಾದ ಬದುವಿನ ಮೇಲೆ ಚಟ್ಟ ಸಾಗಿತು. ಮಾಲ್ಲೆ ಸಾಲುಗಳನ್ನು ಎಣಿಸುತ್ತಿದ್ದಳು. ಹೂಳುವ ಬೆಟ್ಟ ಇನ್ನೂ ದೂರವಿತ್ತು.

"ಅನ್ನ ಆರುವ ಮೊದಲೇ ಎದ್ದೆ."

ಹೊರುವವರು ಬಾಯಿ ತೆರೆಯುವ ಮೊದಲೇ ಸ್ಪೀಕರಿನಿಂದ ಪುಟ್ಟ ದನಿಯೊಂದು ಎದ್ದಿತು.

"ಓಹೋ ಓಹೋ, ಹೊಲತೆ."

ಆಮೇಲೆ ಒಬ್ಬ ಹೆಂಗಸಿನ ಗದರಿಕೆ: "ಬಿಡ್ತು ಅನ್ನು! ನೀನದನ್ನ ಹೇಳಬಾರದು!" ಟಕ್ಕೆಂದು ಗುಂಡಿ ಒತ್ತಿದ ಸದ್ದು. ಮತ್ತೇನೂ ಇಲ್ಲ.

ಹೆಜ್ಜೆ ನಿಂತಿತು. ಹೊರಟ ಚಟ್ಟವನ್ನು ನಡುದಾರಿಯಲ್ಲಿ ಇಳಿಸುವಂತಿಲ್ಲ, ಹಿಂದಕ್ಕೆ ತಿರುಗಿಸುವಂತಿಲ್ಲ. ಇನ್‌ಹೋ ಫೋನನ್ನು ಒತ್ತುತ್ತಲೇ ಇದ್ದ.

"ಇಷ್ಟೇ ಇರೋದು, ದೊಡ್ಡಮ್ಮ."

"ಅತ್ತಿಗೆ," ಎಂದ ಪೊಂಗ್‌ಸಾಮ್, ಭಾರಕ್ಕೆ ಕುತ್ತಿಗೆ ಬಗ್ಗಿಸಿಕೊಂಡೇ. "ಮುಂದಿನ ಸಾಲು ಏನು?"

ಅವಳಿಗೆ ಗೊತ್ತಿತ್ತು. ಬಿಳಿ ಬಟ್ಟೆ ಜೋಲುಬಿದ್ದು ಗದ್ದೆಯ ನೀರು ಮುಟ್ಟಿತು. ಕೆಸರು ದಾರದಿಂದ ದಾರಕ್ಕೆ ಮೆಲ್ಲಗೆ ಮೇಲೇರತೊಡಗಿತು. ಹನ್ನೆರಡು ಜನ ಹೆಗಲ ಮೇಲೆ ಅವನನ್ನು ಹೊತ್ತು ಅವಳನ್ನೇ ನೋಡುತ್ತ ನಿಂತಿದ್ದರು.