ಏಳನೇ ಲೇನಿಗೊಂದು ಸ್ಕೋಪು

೧

ಮೊದಲ ಸಾಲಿನಲ್ಲೇ ರೈಫಲ್ ತರಬೇಕೋ ಬೇಡವೋ ಎಂದು ಮೂರು ದಿನ ಒದ್ದಾಡಿದ್ದೇನೆ. ತಂದರೆ ನೀವು ಹೆಣಕ್ಕಾಗಿ ಕಾಯುತ್ತೀರಿ. ನಿಮ್ಮ ಬುದ್ಧಿ ನನಗೆ ಗೊತ್ತು. ಕಥೆಯೊಳಗೆ ಬಂದೂಕು ಬಂತೆಂದರೆ ಯಾರಾದರೊಬ್ಬರು ನೆಲಕ್ಕೆ ಬೀಳಲೇಬೇಕು, ಇಲ್ಲದಿದ್ದರೆ ಓದಿದ್ದು ದಂಡ ಎನ್ನುವ ಜನ ನೀವು. ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ: ಇಲ್ಲಿ ಯಾರೂ ಸಾಯುವುದಿಲ್ಲ. ತೂತು ಬೀಳುವುದು ಕಾಗದಕ್ಕೆ ಮಾತ್ರ. ಬೇಜಾರಾದರೆ ಪುಟ ತಿರುವಿ, ಮುಂದೆ ಯಾರದಾದರೂ ಕವಿತೆ ಇರುತ್ತದೆ.

(ಸಿಟ್ಟು ನಿಮ್ಮ ಮೇಲಲ್ಲ. ಯಾರ ಮೇಲೆ ಅಂತ ಮುಂದೆ ಬರುತ್ತದೆ, ಇಲ್ಲವೇ ಬರೆಯುತ್ತಾ ಬರೆಯುತ್ತಾ ಇಳಿದುಹೋಗುತ್ತದೆ.)

೨

ಹಾಗಾದರೆ ಹೀಗೆ: ಬೆಳಗ್ಗೆ ಹನ್ನೊಂದರ ಹೊತ್ತಿಗೆ ತಾಯಿ, ಮಗ ಇಬ್ಬರೂ ಬಂದೂಕಿನಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದರು.

ಚಪ್ಪೆ. ಒಪ್ಪುತ್ತೇನೆ. ಇದನ್ನೇ "ಗಾಜಿನ ಬಾಗಿಲಿನಲ್ಲಿ ಬೆಳಕು ಮುರಿದು ಬಿತ್ತು" ಅಂತಲೂ ಬರೆದು ನೋಡಿದೆ. ಬೆಳಕು ಮುರಿದಿರಲಿಲ್ಲ, ಬಾಗಿಲಿನ ಸ್ಪ್ರಿಂಗು ಮುರಿದಿತ್ತು. ಮಗ ಅದನ್ನು ಕಾಲಿನಲ್ಲಿ ತಡೆದು ತಾಯಿಗೆ ದಾರಿ ಬಿಟ್ಟ. ಅವನ ಹೆಗಲಲ್ಲಿ ಉದ್ದನೆಯ ಬಟ್ಟೆಚೀಲ. ಎರಡೆರಡು ಸಲ ಹೊಲಿಗೆ ಹಾಕಿದ ಅಂಚು, ಮೂಲೆಗಳಿಗೆಲ್ಲ ತೊಗಲಿನ ತೇಪೆ. ಆ ಕೆಲಸ ನೋಡಿದರೆ ಸಾಕು, ತಾಯಿಯ ಕಸುಬು ಯಾವುದೆಂದು ಗೊತ್ತಾಗುತ್ತಿತ್ತು. ಚೀಲದೊಳಗೆ ಅವರ ರೈಫಲ್. ಪಾಯಿಂಟ್ ಟೂ-ಟೂ, ರಿಮ್‌ಫೈರ್, ಅಂಗಡಿಯಲ್ಲಿ ಸಿಗುವುದರಲ್ಲೆಲ್ಲ ಅಗ್ಗದ್ದು. ಪೆನ್ನಿನ ಮುಚ್ಚಳಕ್ಕಿಂತ ಸಣ್ಣ ತೋಟೆ. ಅದರ ತಳದ ಅಂಚಿಗೆ ಪಿನ್ನು ಬಡಿದರೆ ಟಪ್ಪೆಂದು ಸಿಡಿಯುತ್ತದೆ, ಭುಜಕ್ಕೆ ಒದೆಯುವುದಿಲ್ಲ. ಐವತ್ತು ಮೀಟರು ದೂರದ ಕಾಗದಕ್ಕೆ ಇದಕ್ಕಿಂತ ದೊಡ್ಡದು ಯಾರಿಗೂ ಬೇಕಿಲ್ಲ.

ಕೌಂಟರಿನ ಹಿಂದೆ ನಿಂತಿದ್ದವನನ್ನು ಕೌಂಟರಿನವನು ಎಂದೇ ಕರೆಯೋಣ. ಅವನು ನಾನಲ್ಲ. (ಸರಿ, ಆ ಅಂಗಡಿಯಲ್ಲಿ ನಾನೂ ನಾಲ್ಕು ವರ್ಷ ನಿಂತಿದ್ದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಬೇರೆ ಯಾರು ಕುರ್ಚಿ ಹಾಕಿ ಕೂರಿಸುತ್ತಾರೆ? ಆದರೂ ಅವನು ನಾನಲ್ಲ. ಅವನು ನನಗಿಂತ ಒಳ್ಳೆಯವನು, ಅದಕ್ಕೇ ಅವನನ್ನು ಬರೆಯುತ್ತಿರುವುದು.)

೩

ಈ ಭಾಗದಲ್ಲಿ ತಾಯಿಯ ಬಾಲ್ಯ ಬರೆದಿದ್ದೆ. ಹರಿದು ಹಾಕಿದೆ. ನಿಮಗೆ ಗೊತ್ತಿರಬೇಕಾದದ್ದು ಇಷ್ಟೇ.

ಮೂವತ್ತೆರಡು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಬಗ್ಗಿ ಕೂತು ಬೇರೆಯವರ ಬಟ್ಟೆ ಹೊಲಿದವರು. ಅಮ್ಮ, ಅತ್ತೆ, ಟೈಲರಮ್ಮ, ಮೂರೂ ಆಗಿ ಸಾಕಾದವರು. ಗಂಡ ಹೋದ ಮೇಲೆ ಗೆಳತಿಯೊಬ್ಬಳ ಜೊತೆ ಸುಮ್ಮನೆ ಶೂಟಿಂಗ್ ರೇಂಜಿಗೆ ಹೋಗಿದ್ದರು, ಬಿಡಲಾಗಲಿಲ್ಲ. ಅಲ್ಲಿ ಯಾರೂ ಅವರನ್ನು ಅಮ್ಮ ಅನ್ನುವುದಿಲ್ಲ. ಭಾನುವಾರ ಬೆಳಗ್ಗೆ ಸೀಟಿ ಹಿಡಿದು ನಿಂತ ರೇಂಜಿನ ಸೆಕ್ರೆಟರಿ "ಏಳನೇ ಲೇನು ರೆಡಿನಾ?" ಎಂದು ಕೇಳುತ್ತಾನೆ. ಇವರು "ರೆಡಿ" ಅನ್ನುತ್ತಾರೆ. ಹನ್ನೊಂದು ವರ್ಷದಿಂದ ಅವರ ಹೆಸರು ಅದು, ಬೆನ್ನು ನೆಟ್ಟಗೆ ಮಾಡಿ ಕೂರುವ ಜಾಗವೂ ಅದೇ.

ಆದರೆ ರೇಂಜಿನ ಕಾರ್ಡು ವರ್ಷಕ್ಕೊಮ್ಮೆ ಹೊಸದಾಗಬೇಕು. ಐವತ್ತು ಮೀಟರು, ಹತ್ತು ಗುಂಡು, ಸಾಸರಿನಷ್ಟು ಅಗಲದ ಕಪ್ಪು ವೃತ್ತ. ಎಂಟು ಒಳಗೆ ಬೀಳಬೇಕು. ಹೋದ ವರ್ಷ ಸರಿಯಾಗಿ ಎಂಟೇ ಬಿದ್ದಿತ್ತು. ಈ ವರ್ಷದ ಪರೀಕ್ಷೆ ಬರುವ ಭಾನುವಾರ. ತಪ್ಪಿದರೆ ಕಾರ್ಡಿಲ್ಲ, ಏಳನೇ ಲೇನಿನಲ್ಲಿ ಬೇರೆ ಯಾರೋ. ಅರವತ್ತು ದಾಟಿದವರು ಬರಿಗಣ್ಣಿನ ಬದಲು ರೈಫಲಿನ ಮೇಲೆ ಸ್ಕೋಪು, ಅಂದರೆ ಗುರಿ ನೋಡುವ ದುರ್ಬೀನು, ಹಾಕಿಕೊಳ್ಳಬಹುದು ಎಂಬ ನಿಯಮ ಇದೆ. ಅದಕ್ಕೇ ಬಂದಿದ್ದರು.

೪

ಮಗ ಓದಿಕೊಂಡು ಬಂದಿದ್ದ. ಇಂಟರ್‌ನೆಟ್ಟಿನಲ್ಲಿ ಇದ್ದಬದ್ದ ವಿಡಿಯೊ ಎಲ್ಲ ನೋಡಿ, ಫೋನಿನಲ್ಲಿ ಪಟ್ಟಿ ಮಾಡಿಕೊಂಡು ಬಂದಿದ್ದ. ಅವನ ಬೆರಳು ಹೋಗಿ ನಿಂತದ್ದು ಮೇಲಿನ ಶೆಲ್ಫಿನ, ಗುರಿಯನ್ನು ಇಪ್ಪತ್ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸುವ ಸ್ಕೋಪಿನ ಮೇಲೆ. ಮೊಳ ಉದ್ದದ ಕೊಳವೆ, ಅಂಗೈ ಅಗಲದ ಗಾಜು. ರೈಫಲಿಗಿಂತ ಅದಕ್ಕೇ ಬೆಲೆ ಜಾಸ್ತಿ.

"ಇದೇ ಕೊಡಿ ಬ್ರದರ್. ನಮ್ಮಮ್ಮಂಗೆ ಏನೂ ಕಮ್ಮಿ ಆಗಬಾರದು."

ತಾಯಿ ಅದನ್ನು ಎರಡೂ ಕೈಯಲ್ಲಿ ಎತ್ತಿ, ಬಾಗಿಲಿನಾಚೆ ರಸ್ತೆ ಎದುರಿಗಿದ್ದ ಹಲ್ಲಿನ ಡಾಕ್ಟರ ಬೋರ್ಡಿಗೆ ಹಿಡಿದರು. ಕೌಂಟರಿನವನು ಬೋರ್ಡು ನೋಡಲಿಲ್ಲ, ಕೊಳವೆಯ ತುದಿ ನೋಡಿದ. ತುದಿ ನಡುಗುತ್ತಿತ್ತು. ಜೋರಾಗೇನಲ್ಲ, ಓಡುವ ಮಿಷನ್ನಿನ ಸೂಜಿಯ ಹಾಗೆ, ಸಣ್ಣಗೆ, ಬಿಡದೆ. ಇಪ್ಪತ್ನಾಲ್ಕು ಪಟ್ಟಿನಲ್ಲಿ ಅವರಿಗೆ ಆ ಬೋರ್ಡು ಹೇಗೆ ಕಂಡಿರಬೇಕೆಂದು ಅವನಿಗೆ ಗೊತ್ತು. ಅಕ್ಷರಗಳೆಲ್ಲ ತಪ್ಪಿಸಿಕೊಳ್ಳಲು ಹವಣಿಸುತ್ತಿದ್ದಿರಬೇಕು.

"ಚೆನ್ನಾಗಿದೆ" ಎಂದರು ತಾಯಿ. ಸ್ಕೋಪು ಕೆಳಗಿಟ್ಟು, ಏನೋ ಹುಡುಕುವವರಂತೆ ಕೈಚೀಲದೊಳಗೆ ಕೈ ಇಳಿಬಿಟ್ಟರು. ಹುಡುಕಲಿಲ್ಲ. ಕೈ ಅಲ್ಲೇ ಇತ್ತು.

೪, ಮತ್ತೊಮ್ಮೆ

ಇಲ್ಲಿ ಒಂದು ನಿಮಿಷ. ಕೌಂಟರಿನವನಿಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳುತ್ತೀರಿ. ಕೇಳಿ.

ಎರಡು ವರ್ಷದ ಹಿಂದೆ, ನಿವೃತ್ತರಾದ ಪೋಸ್ಟ್‌ಮ್ಯಾನ್ ಒಬ್ಬರು ಇಂಥದೇ ಅಗ್ಗದ ರೈಫಲಿಗೆ ಸ್ಕೋಪು ಕೇಳಿಕೊಂಡು ಬಂದಿದ್ದರು. ಇಪ್ಪತ್ನಾಲ್ಕು ಪಟ್ಟಿನದೊಂದನ್ನು ಕೌಂಟರಿನವನೇ ಹೊಗಳಿ ಹೊಗಳಿ ಮಾರಿದ್ದ. ಗಲ್ಲಾಪೆಟ್ಟಿಗೆಯ ಮೇಲೆ ಮಾಲೀಕ ಬರೆಸಿ ಅಂಟಿಸಿದ್ದ ಚೀಟಿಯೇ ಇತ್ತು: ಗಿರಾಕಿಗೆ ಮಾಲು ಕೊಡು, ಬುದ್ಧಿ ಕೊಡಬೇಡ. ತಿಂಗಳಾದ ಮೇಲೆ ಪೋಸ್ಟ್‌ಮ್ಯಾನ್ ವಾಪಸು ಬಂದು, ಡಬ್ಬಿಯನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟರು. ಜಗಳವಿಲ್ಲ ಏನಿಲ್ಲ.

"ಇದರಲ್ಲಿ ಗುರಿ ಕಾಣಲ್ಲಪ್ಪ, ನನ್ನ ಕೈ ಕಾಣುತ್ತೆ" ಎಂದರು. ಆಮೇಲೆ ರೇಂಜಿಗೂ ಹೋಗಲಿಲ್ಲ. ನಡುಕ ಅವರಿಗೆ ಮೊದಲೂ ಇತ್ತು, ಆದರೆ ಅದರ ಜೊತೆ ಅವರ ಹೊಂದಾಣಿಕೆ ಇತ್ತು. ಸ್ಕೋಪು ಅದನ್ನು ಇಪ್ಪತ್ನಾಲ್ಕು ಪಟ್ಟು ಮಾಡಿ ಕಣ್ಣಿಗೆ ಹಿಡಿಯಿತು. ಸ್ಕೋಪಿನೊಳಗಿನ ಗುರಿಗೆರೆ ವೃತ್ತದ ನಡುವಿಗೆ ಬಂದ ತಕ್ಷಣ, ಜಾರಿಹೋಗುತ್ತದಲ್ಲ ಎಂಬ ಗಾಬರಿಗೆ ಟ್ರಿಗರ್ ಕಸಿದುಬಿಡುತ್ತಿದ್ದರು. ಗುಂಡು ಎಲ್ಲೆಲ್ಲೋ.

(ನನ್ನ ಸಿಟ್ಟು ಯಾರ ಮೇಲೆ ಅಂತ ಮುಂದೆ ಬರುತ್ತದೆ ಅಂದಿದ್ದೆನಲ್ಲ. ಆ ಚೀಟಿಯ ಮೇಲೆ. ಅದನ್ನು ಓದಿ ತಲೆಯಾಡಿಸಿದವನ ಮೇಲೂ.)

೫

ಸರಿಯಾದ ಸ್ಕೋಪು ಕೆಳಗಿನ ಶೆಲ್ಫಿನಲ್ಲಿ ಧೂಳು ತಿನ್ನುತ್ತಿತ್ತು. ನಾಲ್ಕು ಪಟ್ಟು, ಅಷ್ಟೇ. ಹೆಚ್ಚಿಲ್ಲ, ಕಮ್ಮಿ ಮಾಡುವಂತೆಯೂ ಇಲ್ಲ. ಸಣ್ಣ ಕೊಳವೆ, ಐವತ್ತು ಮೀಟರಿಗೆಂದೇ ಕೂರಿಸಿದ ಗಾಜು, ಇಂಥ ರೈಫಲಿಗೆಂದೇ ಮಾಡಿದ್ದು. ನಾಲ್ಕು ಪಟ್ಟಿನಲ್ಲಿ ಸಣ್ಣ ನಡುಕ ಸಣ್ಣದಾಗಿಯೇ ಉಳಿಯುತ್ತದೆ. ಕಣ್ಣಿಗೆ ಧೈರ್ಯವಿದ್ದರೆ ಬೆರಳು ಅವಸರ ಮಾಡುವುದಿಲ್ಲ.

ಆದರೆ ಇದನ್ನು ಹೇಳಬೇಕಾದರೆ ಕೈ ನಡುಗುವ ವಿಷಯ ಎತ್ತಬೇಕು. ತಾಯಿ ಅದನ್ನು ಮಗನಿಂದ ಮುಚ್ಚಿಟ್ಟಿದ್ದಾರೆ. ಮಗ ಪಕ್ಕದಲ್ಲೇ ನಿಂತಿದ್ದಾನೆ.

ಕೌಂಟರಿನವನು ಸುತ್ತುಬಳಸಿ ಹೊರಟ. ದೊಡ್ಡ ಸ್ಕೋಪು ದೂರದ ಗುರಿಗೆ ಮಾಡಿದ್ದು, ಹತ್ತಿರದಲ್ಲಿ ಕಣ್ಣು ಕೊಂಚ ಸರಿದರೂ ಗೆರೆ ಗುರಿಯ ಮೇಲೆ ಜಾರುತ್ತದೆ ಎಂದ. ಅದಕ್ಕೆ ಸ್ಕೋಪಿನ ಪಕ್ಕದಲ್ಲೇ ಗಾಲಿ ಇದೆಯಲ್ಲ, ತಿರುಗಿಸಿದರೆ ಸರಿಹೋಗುತ್ತೆ ಎಂದ ಮಗ. ಇಷ್ಟು ಹಗುರ ರೈಫಲಿಗೆ ಅಷ್ಟು ಭಾರ ಹೊರಿಸಿದರೆ ಮೇಲ್ಭಾರವಾಗುತ್ತೆ ಎಂದ. ಮೇಜಿಗೆ ಮೊಣಕೈ ಊರಿ ಹೊಡೆಯೋದು ತಾನೆ, ಭಾರ ಯಾರು ಹೊರಬೇಕು ಎಂದ ಮಗ. ಈ ರೈಫಲಿನ ಮೇಲಿನ ಹಳಿಗೆ ಆ ಸ್ಕೋಪನ್ನು ಹಿಡಿದಿಡುವ ಹಿಡಿಕೆ ಕೂರಲ್ಲ ಎಂದ ಕೌಂಟರಿನವನು. ಕೂರುವ ಹಿಡಿಕೆಯ ನಂಬರು ಮಗನ ಫೋನಿನಲ್ಲಿತ್ತು.

ನೆಪಗಳೆಲ್ಲ ಮುಗಿದವು. ಉಳಿದದ್ದು ನಿಜ ಒಂದೇ.

೬

ಕರಡು ಒಂದು. ಕೌಂಟರಿನವನು ನೇರವಾಗಿ ಅಂದುಬಿಟ್ಟ: ಸಾರ್, ನಿಮ್ಮ ತಾಯಿಗೆ ಕೈ ನಡುಗುತ್ತೆ, ನಿಮಗೆ ಕಾಣಲ್ವಾ?

ಇದನ್ನು ಬರೆದು ಚುಕ್ಕಿ ಇಡುವ ಮೊದಲೇ ತಾಯಿ ಕಥೆಯೊಳಗಿಂದ ನನ್ನ ಕಡೆ ತಿರುಗಿದರು. ಕೌಂಟರಿನವನ ಕಡೆಗಲ್ಲ, ನನ್ನ ಕಡೆ.

"ಏನಪ್ಪಾ, ನನ್ನ ಕೈ ನಿಂದಾ?"

ಕಥೆಗೆ ಬೇಕಿತ್ತಮ್ಮ ಎಂದೆ.

"ಕಥೆಗೆ ಬೇಕಾದ್ರೆ ನಿನ್ನದೇ ಏನಾದರೂ ಬಿಚ್ಚಿಡು. ನನ್ನ ಕೈ ತೋರಿಸಬೇಕು ಅನ್ನಿಸಿದ ದಿನ ನಾನೇ ತೋರಿಸ್ತೀನಿ. ಅಂಗಡೀಲಿ ನಿಲ್ಲಿಸಿ ಅಳತೆ ತಗೊಳ್ಳೋ ಹಾಗೆ ತಗೋಬೇಡ."

ಅಳತೆಯ ವಿಷಯದಲ್ಲಿ ಅವರ ಎದುರು ನಾನು ಯಾವ ಲೆಕ್ಕ? ಹೊಡೆದು ಹಾಕಿದೆ. ಬೇಕಾದರೆ ನೋಡಿ, ಮೇಲೆ ಅಡ್ಡಗೀಟು ಇದೆ. (ಅಚ್ಚಿನವರು ತೆಗೆದಿದ್ದರೆ ನಾನು ಜವಾಬ್ದಾರನಲ್ಲ.)

ಕರಡು ಎರಡು. ಕೌಂಟರಿನವನು ಸುಮ್ಮನೆ ದೊಡ್ಡದನ್ನೇ ಕಟ್ಟಿಕೊಟ್ಟ. ಇದನ್ನು ಅವನೇ ಬರೆಯಲು ಬಿಡಲಿಲ್ಲ. ಡಬ್ಬಿಯನ್ನು ಮುಚ್ಚು ಅಂದೆ, ಮುಚ್ಚಲಿಲ್ಲ. ಪೋಸ್ಟ್‌ಮ್ಯಾನ್ ವಾಪಸು ಇಟ್ಟುಹೋದ ಡಬ್ಬಿಯೇ ಅದು, ಒಳಗಿನ ಬಟ್ಟೆಯನ್ನು ಅವರು ಮಡಿಸಿಟ್ಟ ರೀತಿ ಇನ್ನೂ ಹಾಗೇ ಇದೆ ಎಂದ. ಎರಡು ಪುಟದಿಂದ ನನಗೇ ಹೇಳಿರಲಿಲ್ಲ ನೋಡಿ, ಕಳ್ಳ.

೭

ಆಮೇಲೆ ಅವನು ಮಾಡಿದ್ದನ್ನು ನಾನು ಯೋಚಿಸಿರಲಿಲ್ಲ. ದೊಡ್ಡ ಸ್ಕೋಪನ್ನು ಮಗನ ಕೈಗೇ ಕೊಟ್ಟ.

"ಒಂದ್ಸಲ ನೀವು ನೋಡಿ ಸಾರ್. ಬೋರ್ಡಲ್ಲಿ ಫೋನ್ ನಂಬರ್ ಇದೆಯಲ್ಲ, ಅದರ ಕೊನೇ ಸೊನ್ನೆ ಮಧ್ಯಕ್ಕೆ ಗೆರೆ ನಿಲ್ಲಿಸಿ."

ಮಗ ಹಿಡಿದ. ಉಸಿರು ಕಟ್ಟಿದ. ಕಾಲು ಅಗಲಿಸಿ ನಿಂತ. ಸೊನ್ನೆ ಒಂದು ಕ್ಷಣ ಸಿಕ್ಕಿತು, ಹಾರಿತು, ಹಲ್ಲಿನ ಚಿತ್ರ ಬಂತು, ಕಿಟಕಿಯ ಸರಳು ಬಂತು.

"ಏನಿದು, ಕುಣೀತಿದೆ?"

"ಸ್ಕೋಪು ಕುಣಿಯಲ್ಲ ಸಾರ್. ಕೈ. ಎಲ್ಲರದ್ದೂ ಅಷ್ಟೇ, ನಂದೂ. ಇದು ತೋರಿಸುತ್ತೆ." ಕೆಳಗಿನ ಶೆಲ್ಫಿನಿಂದ ಚಿಕ್ಕದನ್ನು ತೆಗೆದು, ಅಂಗಿಯ ತುದಿಯಲ್ಲಿ ಧೂಳೊರೆಸಿ ಕೊಟ್ಟ. "ಇದು ಅದನ್ನೆಲ್ಲ ಎತ್ತಿ ಆಡಲ್ಲ."

ಮಗ ಚಿಕ್ಕದರಲ್ಲಿ ನೋಡಿದ. ಸೊನ್ನೆ ಚಿಕ್ಕದಾಗಿತ್ತು, ಆದರೆ ಇದ್ದಲ್ಲಿ ಇತ್ತು. ಇಲ್ಲಿಗೆ ಅಧ್ಯಾಯ ಮುಗಿಸಿ ಚುಕ್ಕಿ ಇಡೋಣ, ಯಾರ ಮಾನವೂ ಹೋಗಲಿಲ್ಲವಲ್ಲ ಎಂದು ನಾನು ಪೆನ್ನೆತ್ತುವಷ್ಟರಲ್ಲಿ, ತಾಯಿ ಕೈಚೀಲದಿಂದ ಬಲಗೈ ತೆಗೆದು ಕೌಂಟರಿನ ಗಾಜಿನ ಮೇಲಿಟ್ಟರು. ಬೆರಳಿನ ಉಗುರು ಗಾಜಿಗೆ ತಾಗಿ ಟಿಕಿಟಿಕಿ ಅಂದಿತು. ಅವರು ತಡೆಯಲಿಲ್ಲ.

"ನಂದು ಸ್ವಲ್ಪ ಜಾಸ್ತಿನೇ" ಎಂದರು ಮಗನಿಗೆ.

ಮಗ ಕೈ ನೋಡಲಿಲ್ಲ. ಸ್ಕೋಪಿನ ಮುಚ್ಚಳ ಹಾಕುತ್ತಾ, ತೆಗೆಯುತ್ತಾ ನಿಂತ.

"ಗೊತ್ತಮ್ಮ. ಈಗೀಗ ಚೆಲ್ಲಬಾರದು ಅಂತ ಟೀನ ಅರ್ಧ ಲೋಟ ಹಾಕ್ಕೊಳ್ತೀಯಲ್ಲ. ಅದಕ್ಕೇ ದೊಡ್ಡದು ತಗೊಂಡ್ರೆ ಸರಿಹೋಗುತ್ತೆ ಅಂದ್ಕೊಂಡೆ."

ಕೌಂಟರಿನವನು ಬೆನ್ನು ತಿರುಗಿಸಿ, ಬೇಕಿಲ್ಲದ ಸ್ಕ್ರೂಡ್ರೈವರ್ ಹುಡುಕತೊಡಗಿದ.

೮

ಭಾನುವಾರ. ಚಿಕ್ಕ ಸ್ಕೋಪನ್ನು ಶನಿವಾರವೇ ಕೂರಿಸಿ, ಒಂದು ಡಬ್ಬಿ ತೋಟೆ ಖರ್ಚು ಮಾಡಿ ಗುರಿ ಸರಿಮಾಡಿದ್ದರು. ಏಳನೇ ಲೇನು ಹತ್ತು ಗುಂಡು ಹೊಡೆದು, ರೈಫಲನ್ನು, ತೋಟೆ ತುಂಬುವ ಬಾಯಿ ತೆರೆದು, ಮೇಜಿನ ಮೇಲೆ ಮಲಗಿಸಿತು. ಅವಸರವಿರಲಿಲ್ಲ. ಒಂದೊಂದು ಗುಂಡಿನ ನಡುವೆ ನೂಲು ಪೋಣಿಸುವಷ್ಟು ಹೊತ್ತು.

ಮುಕ್ತಾಯ ಅ: ಹತ್ತಕ್ಕೆ ಹತ್ತು. ಚಪ್ಪಾಳೆ. ಮಗನ ಕಣ್ಣಲ್ಲಿ ನೀರು. ಬರೆಯುವಾಗ ನನಗೇ ವಾಕರಿಕೆ ಬಂತು.

ಮುಕ್ತಾಯ ಆ: ಏಳು. ಒಂದು ಕಮ್ಮಿ. ತಾಯಿ ನಿಟ್ಟುಸಿರುಬಿಟ್ಟು ಆಕಾಶ ನೋಡಿದರು. ಕಥಾಸ್ಪರ್ಧೆಯಲ್ಲಿ ಇದಕ್ಕೆ ಬಹುಮಾನ ಬರುತ್ತದೆ, ಸೋಲು ಕಂಡರೆ ತೀರ್ಪುಗಾರರಿಗೆ ಗಾಂಭೀರ್ಯ ಕಾಣುತ್ತದೆ. ತಾಯಿಗೆ ಓದಿ ಹೇಳಿದೆ. ಆಕಾಶ ಯಾಕೆ ನೋಡ್ತೀನಿ, ಗುರಿ ಇರೋದು ಮುಂದೆ ಎಂದರು.

ಹಾಗಾದರೆ ಎಷ್ಟು ಬಿತ್ತು ಅಂತ ನೀವೇ ಹೇಳಿ ಎಂದೆ.

"ನಂಗೇನು ಗೊತ್ತು? ಕಪ್ಪು ಕಾಗದ, ಸಣ್ಣ ತೂತು. ನಾಲ್ಕು ಪಟ್ಟಲ್ಲಿ ಇಲ್ಲಿಂದ ಕಾಣಲ್ಲ. ಹೋಗಿ ನೋಡಬೇಕು."

ನಿಜ. ಆ ಸ್ಕೋಪಿನ ಗುಣವೂ ಅದೇ, ದೋಷವೂ ಅದೇ. ಆರನೇ ಲೇನಿನವರು ತಮ್ಮ ದುರ್ಬೀನು ಕೊಡಲು ಬಂದರು. ತಾಯಿ ಬೇಡ ಎಂದು ಕೈಸನ್ನೆ ಮಾಡಿದರು, ನಡುಗುವ ಕೈಯಲ್ಲೇ. ಸೆಕ್ರೆಟರಿ ಸೀಟಿ ಊದಿದ. ಎಲ್ಲರ ರೈಫಲೂ ಖಾಲಿ ಎಂದು ಖಾತ್ರಿಯಾದ ಮೇಲೆ ತಾಯಿ ಎದ್ದು ಹೊರಟರು. ಮಗ ಜೊತೆಗೆ ಹೋದ. ನಾನೂ ಹೆಜ್ಜೆ ಎತ್ತಿದೆ.

"ನೀನು ಅಲ್ಲೇ ಇರು" ಎಂದರು, ತಿರುಗಿ ನೋಡದೆ.

ಇದ್ದೇನೆ. ನನ್ನ ಹತ್ತಿರವೂ ಇಪ್ಪತ್ನಾಲ್ಕು ಪಟ್ಟಿನದು ಒಂದಿದೆ, ಬರೆಯುವವರ ಹತ್ತಿರ ಇರುತ್ತದೆ. ಎತ್ತಿಕೊಂಡರೆ ಈ ಕ್ಷಣವೇ ಒಂದೊಂದೇ ತೂತು ಎಣಿಸಿ ನಿಮಗೆ ಹೇಳಬಲ್ಲೆ. ಎತ್ತುವುದಿಲ್ಲ. ಮೇಜಿನ ಮೇಲೆ ಹತ್ತು ಖಾಲಿ ತೋಟೆ, ಪಕ್ಕದಲ್ಲಿ ಮಗ ಫ್ಲಾಸ್ಕಿನಿಂದ ಅಂಚಿನವರೆಗೆ ತುಂಬಿಸಿ ಕೊಟ್ಟ ಟೀ. ತಾಯಿ ಅರ್ಧ ಕುಡಿದಿದ್ದಾರೆ. ಒಂದಿಷ್ಟು ಚೆಲ್ಲಿ ಮೇಜಿನ ಮೇಲೆ ಹರಿದಿದೆ. ಯಾರೂ ಒರೆಸಲು ಹೋಗಿಲ್ಲ.

ಅವರಿಬ್ಬರೂ ಇಪ್ಪತ್ತು ಮೀಟರು ದಾಟಿದ್ದಾರೆ. ಏನೋ ಮಾತಾಡಿಕೊಂಡು ಹೋಗುತ್ತಿದ್ದಾರೆ. ಗುರಿಯ ವಿಷಯವಂತೂ ಅಲ್ಲ, ಮಗ ನಗುತ್ತಿದ್ದಾನೆ.